ಅರೆ-ಸ್ವಯಂಚಾಲಿತ ವಾಷಿಂಗ್ ಮಷೀನ್‌ನ ಡ್ರೈಯರ್ ಟೈಮರ್: ದೋಷ ಪತ್ತೆ, ಬದಲಾವಣೆ ಮತ್ತು ಗ್ರಾಹಕರ ಹಕ್ಕುಗಳು

ಎರಡು ತೊಟ್ಟಿಗಳ ವಾಷಿಂಗ್ ಮಷೀನ್‌ಗಳಲ್ಲಿ ಬಟ್ಟೆ ಒಗೆಯುವ ತೊಟ್ಟಿಗೆ ಹಾಗೂ ಹಿಂಡಿ ಒಣಗಿಸುವ ಡ್ರೈಯರ್ ತೊಟ್ಟಿಗೆ ಪ್ರತ್ಯೇಕ ಟೈಮರ್‌ಗಳಿರುತ್ತವೆ. ಡ್ರೈಯರ್ ತಿರುಗದಿದ್ದಾಗ ಟೈಮರ್ ಕೆಟ್ಟಿದೆಯೆಂದು ತೀರ್ಮಾನಿಸಿ ಅದನ್ನು ಬದಲಾಯಿಸುವುದುಂಟು. ಆದರೆ ಮುಚ್ಚಳದ ಸ್ವಿಚ್, ಕೆಪಾಸಿಟರ್, ಬ್ರೇಕ್ ಅಥವಾ ಮೋಟಾರ್ ಕೆಟ್ಟಾಗಲೂ ಡ್ರೈಯರ್ ತಿರುಗುವುದಿಲ್ಲ. ಆದುದರಿಂದ ಗ್ರಾಹಕರು ದೋಷವನ್ನು ಖಚಿತಪಡಿಸಿಕೊಂಡ ನಂತರವೇ ಬಿಡಿಭಾಗಕ್ಕೆ ಹಣ ಪಾವತಿಸುವುದು ಸೂಕ್ತ.

1. ಟೈಮರ್‌ನ ಕಾರ್ಯವಿಧಾನ
ಸದರಿ ಟೈಮರ್ ಸಾಮಾನ್ಯವಾಗಿ 5 ನಿಮಿಷಗಳ ಅವಧಿಯದಾಗಿದ್ದು, ಗಡಿಯಾರದಂತೆ ಸ್ಪ್ರಿಂಗ್ ಮತ್ತು ಹಲ್ಲುಗಾಲಿಗಳಿಂದ ನಡೆಯುತ್ತದೆ. ಗುಂಡಿಯನ್ನು ತಿರುಗಿಸಿದಾಗ ಒಳಗಿನ ಲೋಹದ ಸಂಪರ್ಕಗಳು ಕೂಡಿಕೊಂಡು ಮೋಟಾರ್‌ಗೆ ವಿದ್ಯುತ್ ಹರಿಯುತ್ತದೆ. ಗುಂಡಿಯು ಸೊನ್ನೆಗೆ ಮರಳಿದಾಗ ಅವು ಬೇರ್ಪಡುತ್ತವೆ. ಮುಚ್ಚಳದ ಸುರಕ್ಷತಾ ಸ್ವಿಚ್ ಸಹ ಇದೇ ವಿದ್ಯುತ್ ಮಾರ್ಗದಲ್ಲಿರುತ್ತದೆ.

2. ಲಕ್ಷಣಗಳಿಂದ ದೋಷ ಗುರುತಿಸುವಿಕೆ
(ಅ) ಗುಂಡಿಯು ನಡುವೆಯೇ ನಿಂತು ಸೊನ್ನೆಗೆ ಮರಳದಿದ್ದಲ್ಲಿ ಟೈಮರ್‌ನ ಸ್ಪ್ರಿಂಗ್ ಅಥವಾ ಹಲ್ಲುಗಾಲಿ ಸವೆದಿರುವ ಸಂಭವ ಹೆಚ್ಚು.
(ಆ) ಗುಂಡಿಯು ಸೊನ್ನೆಗೆ ಬಂದರೂ ಡ್ರೈಯರ್ ನಿಲ್ಲದಿದ್ದಲ್ಲಿ ಸಂಪರ್ಕಗಳು ಸುಟ್ಟು ಅಂಟಿಕೊಂಡಿರಬಹುದು. ಇದು ಅಪಾಯಕಾರಿ, ಕೂಡಲೇ ಪ್ಲಗ್ ತೆಗೆಯತಕ್ಕದ್ದು.
(ಇ) ಗುಂಡಿಯು ಹಿಡಿತವಿಲ್ಲದೆ ಸುತ್ತುತ್ತಿದ್ದಲ್ಲಿ ಮೊದಲು ಪ್ಲಾಸ್ಟಿಕ್ ಗುಂಡಿಯನ್ನು ಪರಿಶೀಲಿಸುವುದು. ಅದು ಮಾತ್ರ ಸವೆದಿದ್ದಲ್ಲಿ ಗುಂಡಿಯನ್ನಷ್ಟೇ ಬದಲಾಯಿಸಿದರೆ ಸಾಕು.
(ಈ) ಮೋಟಾರ್ ಗುಂಯ್‌ಗುಡುತ್ತಿದ್ದು ತೊಟ್ಟಿ ತಿರುಗದಿದ್ದಲ್ಲಿ ಮೋಟಾರ್‌ಗೆ ವಿದ್ಯುತ್ ತಲುಪುತ್ತಿದೆ ಎಂದರ್ಥ. ಇಂತಹ ಸಂದರ್ಭದಲ್ಲಿ ಕೆಪಾಸಿಟರ್, ಬ್ರೇಕ್ ಅಥವಾ ತೊಟ್ಟಿಯ ಕೆಳಗೆ ಸಿಲುಕಿದ ಬಟ್ಟೆಯನ್ನು ಪರಿಶೀಲಿಸತಕ್ಕದ್ದು.
(ಉ) ಟಿಕ್‌ಟಿಕ್ ಸದ್ದು ಕೇಳಿಬಂದು ಮೋಟಾರ್ ನಿಶ್ಶಬ್ದವಾಗಿದ್ದಲ್ಲಿ ಟೈಮರ್‌ನ ಸಂಪರ್ಕ, ಮುಚ್ಚಳದ ಸ್ವಿಚ್, ತಂತಿ ಅಥವಾ ಮೋಟಾರ್, ಇವುಗಳಲ್ಲಿ ಯಾವುದಾದರೂ ಕಾರಣವಾಗಿರಬಹುದು. ಪರೀಕ್ಷೆ ಅವಶ್ಯಕ.

3. ಪರೀಕ್ಷಿಸುವ ಕ್ರಮ
ವಾರಂಟಿ ಅವಧಿಯಲ್ಲಿರುವ ಯಂತ್ರವನ್ನು ತೆರೆಯದೆ ತಯಾರಕರ ಸೇವಾ ಕೇಂದ್ರಕ್ಕೆ ತಿಳಿಸುವುದು. ವಾರಂಟಿ ಮುಗಿದಿದ್ದಲ್ಲಿ, ವಿದ್ಯುತ್ ಕೆಲಸ ಬಲ್ಲವರು ಮಾತ್ರ ಪರೀಕ್ಷೆ ನಡೆಸತಕ್ಕದ್ದು. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಹೊರತೆಗೆಯಬೇಕು. ಕೆಪಾಸಿಟರ್‌ನಲ್ಲಿ ವಿದ್ಯುತ್ ಉಳಿದಿರಬಹುದಾದ್ದರಿಂದ ಅದರ ತುದಿಗಳನ್ನು ಮುಟ್ಟಬಾರದು.

ಟೈಮರ್‌ನ ಒಂದು ತಂತಿಯನ್ನು ಬಿಡಿಸಿ, ಮಲ್ಟಿಮೀಟರ್ ಅನ್ನು ಓಮ್ ಅಳತೆಗೆ ಇಟ್ಟು ಎರಡೂ ತುದಿಗಳಿಗೆ ಹಿಡಿಯುವುದು. ಗುಂಡಿ ಸೊನ್ನೆಯಲ್ಲಿದ್ದಾಗ ಸಂಪರ್ಕ ಇರಬಾರದು. ತಿರುಗಿಸಿದಾಗ ಅಳತೆ ಸೊನ್ನೆ ಓಮ್‌ಗೆ ಸಮೀಪವಿರಬೇಕು. ಹಾಗಿಲ್ಲದಿದ್ದಲ್ಲಿ ಟೈಮರ್ ದೋಷಪೂರಿತವೆಂದು ತಿಳಿಯಬಹುದು. ಮುಚ್ಚಳದ ಸ್ವಿಚ್ಚನ್ನೂ ಇದೇ ರೀತಿ, ಮುಚ್ಚಳ ತೆರೆದು ಹಾಗೂ ಮುಚ್ಚಿ, ಪರೀಕ್ಷಿಸುವುದು.

4. ಬದಲಾಯಿಸುವ ಕ್ರಮ
ಹೊಸ ಟೈಮರ್‌ನ ನಿಮಿಷಗಳ ಅವಧಿ, ತಂತಿಗಳ ಸಂಖ್ಯೆ, ಆಂಪಿಯರ್ ಸಾಮರ್ಥ್ಯ ಮತ್ತು ಗುಂಡಿ ಕೂರುವ ದಂಡದ ಆಕಾರ ಹಳೆಯದಕ್ಕೆ ಹೊಂದಿಕೆಯಾಗಿರಬೇಕು. ಬಿಚ್ಚುವ ಮೊದಲು ತಂತಿಗಳ ಜೋಡಣೆಯ ಛಾಯಾಚಿತ್ರ ತೆಗೆದುಕೊಂಡು, ಒಂದೊಂದೇ ತಂತಿಯನ್ನು ಹೊಸ ಟೈಮರ್‌ಗೆ ವರ್ಗಾಯಿಸುವುದು. ಕೀಲುಗಳು ತೆರೆದಿರದಂತೆ ಮುಚ್ಚತಕ್ಕದ್ದು. ಜೋಡಣೆಯ ನಂತರ ಬಟ್ಟೆ ಹಾಕದೆ ಒಮ್ಮೆ ಚಲಾಯಿಸಿ, ಸೊನ್ನೆಗೆ ಬಂದಾಗ ಯಂತ್ರ ನಿಲ್ಲುವುದನ್ನು ಮತ್ತು ಮುಚ್ಚಳ ತೆರೆದಾಗ ಮೋಟಾರ್ ಚಾಲನೆಯಾಗದಿರುವುದನ್ನು ದೃಢಪಡಿಸಿಕೊಳ್ಳುವುದು.

ವಿಶೇಷ ಸೂಚನೆ: ಮುಚ್ಚಳದ ಸ್ವಿಚ್ ಕೆಟ್ಟಿದೆಯೆಂದು ಅದರ ತಂತಿಗಳನ್ನು ನೇರವಾಗಿ ಜೋಡಿಸುವುದು ಅತ್ಯಂತ ಅಪಾಯಕರ. ವೇಗವಾಗಿ ತಿರುಗುವ ತೊಟ್ಟಿಗೆ ಕೈ ಸಿಲುಕಿ, ವಿಶೇಷವಾಗಿ ಮಕ್ಕಳಿಗೆ, ತೀವ್ರ ಗಾಯವಾಗಬಹುದು. ದುರಸ್ತಿಗಾರರು ಹೀಗೆ ಮಾಡಲು ಗ್ರಾಹಕರು ಅವಕಾಶ ನೀಡಬಾರದು.

5. ದುರಸ್ತಿ ಮಾಡಿಸುವಾಗ ಗಮನಿಸಬೇಕಾದ ಅಂಶಗಳು
- ಬಿಡಿಭಾಗದ ಬೆಲೆ ಮತ್ತು ಕೂಲಿಯನ್ನು ಮುಂಚಿತವಾಗಿ ಕೇಳಿ ತಿಳಿಯುವುದು.
- ಪೊಟ್ಟಣದ ಮೇಲೆ ಮುದ್ರಿತವಾದ ಗರಿಷ್ಠ ಮಾರಾಟ ಬೆಲೆಗಿಂತ ಹೆಚ್ಚು ಪಾವತಿಸಬೇಕಾಗಿಲ್ಲ.
- ಬದಲಾಯಿಸಿದ ಹಳೆಯ ಭಾಗವನ್ನು ಕೇಳಿ ಪಡೆಯುವುದು.
- ಬಿಡಿಭಾಗ ಮತ್ತು ಕೂಲಿಯನ್ನು ಪ್ರತ್ಯೇಕವಾಗಿ ನಮೂದಿಸಿದ ರಸೀದಿ ಪಡೆದು ಕಾಯ್ದಿಟ್ಟುಕೊಳ್ಳುವುದು.

6. ದೂರು ಸಲ್ಲಿಸುವ ವಿಧಾನ
ಸೇವೆಯಲ್ಲಿ ನ್ಯೂನತೆ ಕಂಡುಬಂದಲ್ಲಿ ಮೊದಲು ಸೇವಾ ಕೇಂದ್ರಕ್ಕೆ ಲಿಖಿತವಾಗಿ ತಿಳಿಸುವುದು. ಪರಿಹಾರ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಅನ್ವಯ, ದೂರಿಗೆ ಕಾರಣ ಉಂಟಾದ ದಿನಾಂಕದಿಂದ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಲು ಅವಕಾಶವಿದೆ. ಸರಕು ಅಥವಾ ಸೇವೆಗೆ ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದಲ್ಲಿ ದೂರಿಗೆ ಶುಲ್ಕವಿಲ್ಲ. ಗ್ರಾಹಕರು ವಕೀಲರಿಲ್ಲದೆ ಸ್ವತಃ ಹಾಜರಾಗಿ ವಾದ ಮಂಡಿಸಬಹುದು. ದೂರಿನೊಂದಿಗೆ ಖರೀದಿ ಹಾಗೂ ದುರಸ್ತಿ ರಸೀದಿಗಳು, ವಾರಂಟಿ ಪತ್ರ ಮತ್ತು ಪತ್ರವ್ಯವಹಾರದ ಪ್ರತಿಗಳನ್ನು ಲಗತ್ತಿಸತಕ್ಕದ್ದು.