ಮಲೆನಾಡು ನೆಚ್ಚಿದ ಪೆಟ್ರೋಲ್ ಜೀಪು

ಮಲೆನಾಡಿನ ಒಂಟಿ ಮನೆಗೂ ಡಾಂಬರು ರಸ್ತೆಗೂ ನಡುವೆ ಒಂದು ಹಳ್ಳ, ಒಂದು ಏರು ಮತ್ತು ಒಂದಿಷ್ಟು ಕೆಸರು ಇದ್ದೇ ಇರುತ್ತದೆ. ಬೇಸಿಗೆಯಲ್ಲಿ ಯಾವ ಗಾಡಿಯಾದರೂ ಅಂಗಳಕ್ಕೆ ಬಂದೀತು. ಮಳೆಗಾಲದಲ್ಲಿ ಬರುವುದೇ ನಿಜವಾದ ಗಾಡಿ. ತೋಟಕ್ಕೆ ಗೊಬ್ಬರ ಬರುವುದು, ಅಡಿಕೆ ಮೂಟೆ ಮಂಡಿಗೆ ಹೋಗುವುದು ಒಂದೆರಡು ದಿನ ತಡವಾದರೂ ನಡೆದೀತು. ಹೆರಿಗೆ ನೋವು ತಿನ್ನುತ್ತಿರುವ ಹೆಂಗಸು, ಹಾವು ಕಚ್ಚಿಸಿಕೊಂಡ ಆಳು ಮಳೆ ನಿಲ್ಲುವ ತನಕ ಕಾಯಲಾರರು. ನರಸಿಂಹರಾಜಪುರ, ಕೊಪ್ಪ, ಶೃಂಗೇರಿ ಕಡೆಯವರಿಗೆ ನಂಬಿಕೆಯ ಗಾಡಿ ಯಾವುದು ಎಂಬ ಪ್ರಶ್ನೆ ಹಿಂದಿನಿಂದಲೂ ಬದುಕಿನ ಪ್ರಶ್ನೆಯೇ ಆಗಿತ್ತು.

ಈ ಪ್ರಶ್ನೆಗೆ ಮಲೆನಾಡು ಬಹುಕಾಲ ಕೊಟ್ಟ ಉತ್ತರ ಪೆಟ್ರೋಲ್ ಜೀಪು. ಆ ಉತ್ತರ ಹೇಗೆ ಬಂತು, ಯಾಕೆ ಬದಲಾಯಿತು ಎಂಬುದು ಕುತೂಹಲದ ಕಥೆ.

ರೈಲು ಬಂದು ಹೋದ ಊರು

ನರಸಿಂಹರಾಜಪುರದ ಹಳೆಯ ಹೆಸರು ಎಡೇಹಳ್ಳಿ. ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಅವರ ಹೆಸರನ್ನು ಊರಿಗೆ ಇಟ್ಟದ್ದು ಆಮೇಲೆ. 1910ರ ದಶಕದಲ್ಲಿ ತರೀಕೆರೆಯಿಂದ ಇಲ್ಲಿಗೆ ಪುಟ್ಟ ರೈಲುಮಾರ್ಗವೊಂದು ಬಂತು. ಹಳಿಗಳ ನಡುವಿನ ಅಂತರ ಕೇವಲ ಎರಡು ಅಡಿ. ಇಂದಿನ ಪೀಳಿಗೆಯ ಅನೇಕರಿಗೆ ನಂಬಲೂ ಕಷ್ಟವಾದೀತು. ಆ ಮಾರ್ಗ ಇಂದು ಇಲ್ಲ. ಇದ್ದ ಕಾಲದಲ್ಲೂ ರೈಲಿಗೆ ಊರು ಸಿಕ್ಕಿತೇ ಹೊರತು ಕಾಡಿನೊಳಗಿನ ಮನೆಗಳು ಸಿಗಲಿಲ್ಲ. ಅಲ್ಲಿಗೆ ಎತ್ತಿನ ಗಾಡಿ, ತಲೆಹೊರೆ, ಕಂಬಳಿಯ ಜೋಲಿ ಇವೇ ಗತಿಯಾಗಿದ್ದವು. ಈ ಕೊನೆಯ ಎರಡು ಮೂರು ಮೈಲಿಯನ್ನು ಗೆದ್ದುಕೊಟ್ಟ ಯಂತ್ರ ಹುಟ್ಟಿದ್ದು ದೂರದ ಅಮೆರಿಕದಲ್ಲಿ, ಅದೂ ಯುದ್ಧಕ್ಕಾಗಿ.

1940ರಲ್ಲಿ ಅಮೆರಿಕದ ಸೇನೆ ಹಗುರವಾದ, ನಾಲ್ಕೂ ಚಕ್ರಗಳಿಗೆ ಬಲ ಸಿಗುವ ವಾಹನ ಬೇಕೆಂದು ಕಾರು ತಯಾರಕರನ್ನು ಕೇಳಿತು. ಮಾದರಿ ತಯಾರಿಸಲು ಕೊಟ್ಟ ಗಡುವು 49 ದಿನ. ಬ್ಯಾಂಟಮ್ ಎಂಬ ಸಣ್ಣ ಕಂಪನಿ ಗಡುವಿನೊಳಗೆ ಮಾದರಿಯನ್ನು ಮುಟ್ಟಿಸಿತು. ಆದರೆ ದೊಡ್ಡ ಪ್ರಮಾಣದಲ್ಲಿ ತಯಾರಿಸುವ ಕೆಲಸ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳ ಪಾಲಾಯಿತು. ಯುದ್ಧ ಮುಗಿಯುವ ವೇಳೆಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳು ತಯಾರಾಗಿದ್ದವು. ಭಾರತಕ್ಕೆ ಬಂದಿದ್ದ ಜೀಪುಗಳಲ್ಲಿ ಅನೇಕವನ್ನು ಸೇನೆ ಯುದ್ಧಾನಂತರ ಮಾರಿತು. ‘ಮಿಲಿಟರಿ ಡಿಸ್ಪೋಸಲ್’ ಎಂಬ ಮಾತು ನಮ್ಮ ಜನರ ಬಾಯಿಗೆ ಬಂದದ್ದು ಹೀಗೆ.

1945ರಲ್ಲಿ ಸ್ಥಾಪನೆಯಾದ ಮಹೀಂದ್ರ ಅಂಡ್ ಮೊಹಮ್ಮದ್ ಕಂಪನಿ 1948ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಆಯಿತು. ವಿಲ್ಲಿಸ್ ಜೀಪಿನ ಬಿಡಿಭಾಗಗಳನ್ನು ತರಿಸಿ ಮುಂಬಯಿಯಲ್ಲಿ ಜೋಡಿಸುವ ಕೆಲಸ ಆ ದಶಕದ ಕೊನೆಗೆ ಆರಂಭವಾಯಿತು. ಬರಬರುತ್ತಾ ಜೀಪು ಇಲ್ಲಿಯೇ ತಯಾರಾಗತೊಡಗಿತು. ಬಹುಕಾಲ ಈ ಜೀಪುಗಳ ಸ್ಟಿಯರಿಂಗ್ ಎಡಗಡೆಗೇ ಇತ್ತು. ಹಿಂದೆ ಬರುವವರಿಗೆ ಎಚ್ಚರಿಕೆಯಾಗಲೆಂದು ‘ಲೆಫ್ಟ್ ಹ್ಯಾಂಡ್ ಡ್ರೈವ್’ ಎಂದು ಬರೆದಿರುತ್ತಿದ್ದುದನ್ನು ಹಿರಿಯರು ಮರೆತಿರಲಾರರು.

ಎಂಜಿನ್ನಿನ ಗುಟ್ಟು

ಯುದ್ಧಕಾಲದ ಜೀಪಿನ ಎಂಜಿನ್ 2.2 ಲೀಟರಿನದು, ನಾಲ್ಕು ಸಿಲಿಂಡರಿನದು. ಶಕ್ತಿ ಸುಮಾರು 60 ಅಶ್ವಶಕ್ತಿ. 1950ರ ದಶಕದಲ್ಲಿ ಬಂದ ‘ಹರಿಕೇನ್’ ಎಂಜಿನ್ನಿನಲ್ಲಿ ಗಾಳಿ-ಪೆಟ್ರೋಲು ಒಳಹೋಗುವ ಕವಾಟವನ್ನು ಸಿಲಿಂಡರಿನ ಮೇಲಕ್ಕೆ ಒಯ್ದು, ಹೊಗೆ ಹೊರಬರುವ ಕವಾಟವನ್ನು ಪಕ್ಕದಲ್ಲೇ ಉಳಿಸಿದರು. ಶಕ್ತಿ 70ನ್ನು ದಾಟಿತು, ಎಂಜಿನ್ ಎತ್ತರವಾಯಿತು. ನಮ್ಮ ಹಳೆಯ ಮಹೀಂದ್ರ ಜೀಪುಗಳ ಬಾನೆಟ್ ಎತ್ತರವಾಗಿ ಕಾಣುವುದು ಇದೇ ಕಾರಣಕ್ಕೆ.

ಇಂದಿನ ಲೆಕ್ಕದಲ್ಲಿ ಈ ಶಕ್ತಿ ಏನೇನೂ ಅಲ್ಲ. ಹಾಗಾದರೆ ಜನ ಅದನ್ನು ನೆಚ್ಚಿದ್ದೇಕೆ? ಮೊದಲನೆಯದು, ಒಳಗಿನ ಒತ್ತಡ ಕಡಿಮೆ. ಆದ್ದರಿಂದ ಸಾಧಾರಣ ಗುಣಮಟ್ಟದ ಪೆಟ್ರೋಲಿನಲ್ಲೂ ಎಂಜಿನ್ ತಕರಾರಿಲ್ಲದೆ ಓಡುತ್ತಿತ್ತು. ಎರಡನೆಯದು, ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತಿತ್ತು, ಕೈಗೆ ಸಿಗುತ್ತಿತ್ತು. ಕಾರ್ಬುರೇಟರಿನಲ್ಲಿ ಕಸ ಕೂತರೆ ಬಿಚ್ಚಿ ಊದಿದರಾಯಿತು. ಪಾಯಿಂಟು ಸವೆದರೆ ಉಪ್ಪುಕಾಗದ ಹಾಕಿ ಉಜ್ಜಿದರಾಯಿತು. ಘಟ್ಟದ ಏರಿನಲ್ಲಿ ಎಂಜಿನ್ ಕಾದು, ಪೈಪಿನೊಳಗಿನ ಪೆಟ್ರೋಲ್ ಆವಿಯಾಗಿ ಗಾಡಿ ನಿಂತರೆ ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಹತ್ತು ನಿಮಿಷ ಕಾದರೆ ಸಾಕು.

ಅದರ ದೊಡ್ಡ ಶತ್ರು ನೀರು. ಹಳ್ಳ ದಾಟುವಾಗ ಡಿಸ್ಟ್ರಿಬ್ಯೂಟರಿಗೆ ನೀರು ಎರಚಿದರೆ ಕಿಡಿ ಹುಟ್ಟದೆ ಎಂಜಿನ್ ನಡುನೀರಿನಲ್ಲೇ ಮೌನವಾಗುತ್ತಿತ್ತು. ಅದಕ್ಕೂ ಒಣಬಟ್ಟೆಯೇ ಮದ್ದು. ಜೀಪು ಕೆಡುವುದೇ ಇಲ್ಲ ಎಂದು ಯಾರೂ ನಂಬಿರಲಿಲ್ಲ. ಕೆಟ್ಟಲ್ಲೇ ಸರಿಯಾಗುತ್ತದೆ ಎಂಬುದು ಅವರ ನಂಬಿಕೆ. ಮಲೆನಾಡಿನ ನಿಘಂಟಿನಲ್ಲಿ ‘ಗಟ್ಟಿ ಗಾಡಿ’ ಎಂದರೆ ಇದೇ ಅರ್ಥ.

ಇಲ್ಲಿ ಇನ್ನೊಂದು ಹೋಲಿಕೆ ಸೂಕ್ತ. ಅಮೆರಿಕದ ರೈತನೂ ಇದೇ ಕಾಲದಲ್ಲಿ ತನ್ನ ಗಾಡಿಯನ್ನು ಆರಿಸಿಕೊಂಡ. ವಿಲ್ಲಿಸ್ ಕಂಪನಿ 1947ರಲ್ಲಿ ಪಿಕಪ್ ತಂದಿತು. 1948ರಲ್ಲಿ ಫೋರ್ಡ್ ‘ಎಫ್’ ಸರಣಿಯ ಪಿಕಪ್‌ಗಳು ಬಂದವು. ಪೆಟ್ರೋಲ್ ಅಗ್ಗವಾಗಿದ್ದ, ರಸ್ತೆಗಳು ವಿಶಾಲವಾಗಿದ್ದ ಆ ನಾಡಿನಲ್ಲಿ ಪಿಕಪ್ ಬೆಳೆಯುತ್ತಾ ಹೋಯಿತು, ಎಂಜಿನ್ನೂ ಬೆಳೆಯಿತು. ತೋಟದ ಇಕ್ಕಟ್ಟಿನ ದಾರಿಯಲ್ಲಿ ಅಂಥ ಗಾಡಿಯನ್ನು ತಿರುಗಿಸುವುದೇ ಸಾಹಸ. ಇಲ್ಲಿ ಜೀಪಿನ ಹಿಂದಿನ ಸೀಟು ಕಳಚಿದರೆ ಅದೇ ಪಿಕಪ್, ಸೀಟು ಹಾಕಿದರೆ ಅದೇ ಬಾಡಿಗೆ ಗಾಡಿ, ರಾತ್ರಿ ಕರೆ ಬಂದರೆ ಅದೇ ಆಂಬುಲೆನ್ಸ್.

ನಮ್ಮ ದೇಶದಲ್ಲೂ ದೊಡ್ಡ ಪೆಟ್ರೋಲ್ ಗಾಡಿಗಳು ಇರಲಿಲ್ಲವೆಂದಲ್ಲ. ಜಪಾನಿನ ನಿಸ್ಸಾನ್ ವಿನ್ಯಾಸದ ಜೋಂಗಾ ಮತ್ತು ಒಂದು ಟನ್ನಿನ ಟ್ರಕ್ಕನ್ನು ಜಬಲ್ಪುರದಲ್ಲಿ ಸೇನೆಗಾಗಿ ತಯಾರಿಸುತ್ತಿದ್ದರು. ಸುಮಾರು ನಾಲ್ಕು ಲೀಟರಿನ, ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಸೇನೆ ಕೈಬಿಟ್ಟ ಜೋಂಗಾಗಳನ್ನು ಕೊಂಡ ಗುಡ್ಡಗಾಡಿನವರು ಅದರ ಬಲಕ್ಕೆ ಬೆರಗಾದರು, ಪೆಟ್ರೋಲ್ ಬಂಕಿನಲ್ಲಿ ಬೆವರಿದರು.

ಡೀಸೆಲ್ ಬಂದ ಬಗೆ

ಬೆವರುವ ಸರದಿ ಜೀಪಿನವರಿಗೂ ಬಂತು. 1973ರ ಅಕ್ಟೋಬರಿನಲ್ಲಿ ಅರಬ್-ಇಸ್ರೇಲ್ ಯುದ್ಧ ನಡೆಯಿತು. ಪೀಪಾಯಿಗೆ 3 ಡಾಲರ್ ಆಸುಪಾಸಿನಲ್ಲಿದ್ದ ಕಚ್ಚಾತೈಲ 1974ರ ಆರಂಭಕ್ಕೆ 12 ಡಾಲರಿನ ಹತ್ತಿರ ಬಂತು. ಬಸ್ಸು, ಲಾರಿ, ನೀರಾವರಿ ಪಂಪುಗಳಿಗೆ ಬೇಕಾದ ಡೀಸೆಲನ್ನು ಸರ್ಕಾರ ಅಗ್ಗವಾಗಿಟ್ಟಿತು. ತೆರಿಗೆಯ ಭಾರ ಪೆಟ್ರೋಲಿನ ಮೇಲೆ ಬಿತ್ತು.

ಅಲ್ಲಿಂದ ಮುಂದೆ ಜೀಪಿನ ಹೃದಯ ಬದಲಾಯಿಸುವ ಕಾಲ. ಮಹೀಂದ್ರ ತನ್ನ ಇಂಟರ್‌ನ್ಯಾಷನಲ್ ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ನನ್ನೇ ಜೀಪಿಗೆ ಕೂರಿಸಿತು. 1980ರ ದಶಕದಲ್ಲಿ ಫ್ರಾನ್ಸಿನ ಪೂಜೋ ವಿನ್ಯಾಸದ ಎಂಜಿನ್ ಬಂತು. ಹಳೆಯ ಜೀಪುಗಳ ಮಾಲೀಕರು ಗ್ಯಾರೇಜುಗಳಲ್ಲೇ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಏರಿಸಿದರು. ಸದ್ದು, ನಡುಕ, ಹೊಗೆ ಹೆಚ್ಚಾಯಿತು ನಿಜ. ಆದರೆ ಡೀಸೆಲ್ಲಿಗೆ ಕಿಡಿಯ ಹಂಗಿಲ್ಲ. ಹಳ್ಳದ ನೀರು ಎರಚಿದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ. ನಿಧಾನ ವೇಗದಲ್ಲೇ ಎಳೆಯುವ ಬಲ ಹೆಚ್ಚು. ಟ್ರ್ಯಾಕ್ಟರಿನ ಕೆಲಸ ಬಲ್ಲ ಮೆಕ್ಯಾನಿಕ್ ಊರೂರಿನಲ್ಲೂ ಇದ್ದ. ನಂಬಿಕೆ ಒಂದು ಎಂಜಿನ್ನಿನಿಂದ ಇನ್ನೊಂದಕ್ಕೆ ಸಾಗಿತು. ಟಾಟಾ ಪಿಕಪ್‌ಗಳು, ಮಹೀಂದ್ರದ ಬೊಲೆರೊ ಪಿಕಪ್, 2005ರ ಟಾಟಾ ಏಸ್, ಹೀಗೆ ಮುಂದೆ ಬಂದು ಹೆಸರಾದ ಸರಕು ಗಾಡಿಗಳೆಲ್ಲ ಡೀಸೆಲ್ಲಿನವೇ. 1985ರಲ್ಲಿ ಬಂದ ಮಾರುತಿ ಜಿಪ್ಸಿಯೊಂದು ಪೆಟ್ರೋಲಿನ ಪತಾಕೆ ಹಿಡಿದು ಮೂರು ದಶಕ ಓಡಿತು.

ಮತ್ತೆ ಪೆಟ್ರೋಲ್

ಈಗ ಚಕ್ರ ಇನ್ನೊಂದು ಸುತ್ತು ತಿರುಗಿದೆ. ಪೆಟ್ರೋಲ್ ಬೆಲೆಯ ಮೇಲಿನ ಸರ್ಕಾರದ ಹಿಡಿತ 2010ರಲ್ಲಿ, ಡೀಸೆಲ್ ಬೆಲೆಯದು 2014ರಲ್ಲಿ ಸಡಿಲಾಯಿತು. ಅಂತರ ಕುಗ್ಗುತ್ತಾ ಬಂದು 2020ರ ಜೂನಿನಲ್ಲಿ ದೆಹಲಿಯಲ್ಲಿ ಡೀಸೆಲ್ ಪೆಟ್ರೋಲಿಗಿಂತ ದುಬಾರಿಯಾದ ವಿಚಿತ್ರವೂ ನಡೆಯಿತು. ಅದೇ ವರ್ಷದ ಏಪ್ರಿಲ್ 1ರಿಂದ ಬಿಎಸ್-6 ಹೊಗೆ ನಿಯಮ ಬಂತು. ಸಣ್ಣ ಡೀಸೆಲ್ ಎಂಜಿನ್ನಿನ ಹೊಗೆ ಶುದ್ಧಮಾಡುವ ಖರ್ಚು ಹೆಚ್ಚಾದ್ದರಿಂದ ಮಾರುತಿ ಸೂಪರ್ ಕ್ಯಾರಿ ಡೀಸೆಲ್ಲನ್ನು ಕೈಬಿಟ್ಟಿತು; ಟಾಟಾ ಏಸ್ ಪೆಟ್ರೋಲ್ ರೂಪದಲ್ಲೂ ಬಂತು.

ಆದರೆ ಬಂದಿರುವುದು ಅಜ್ಜನ ಕಾಲದ ಪೆಟ್ರೋಲ್ ಎಂಜಿನ್ ಅಲ್ಲ. ಕಾರ್ಬುರೇಟರಿನ ಜಾಗದಲ್ಲಿ ಸೆನ್ಸರ್ ಮತ್ತು ಕಂಪ್ಯೂಟರ್ ಕೂತಿವೆ. ಹಳೆಯ ಎಂಜಿನ್ನಿಗಿಂತ ಇದು ಕೆಡುವುದು ಕಡಿಮೆ. ಕೆಟ್ಟರೆ ಮಾತ್ರ ಒದ್ದೆ ಬಟ್ಟೆ, ಉಪ್ಪುಕಾಗದಗಳ ವಿದ್ಯೆ ನಡೆಯದು. ದೋಷ ಓದುವ ಯಂತ್ರವಿರುವ ಕಡೆಗೇ ಗಾಡಿಯನ್ನು ಎಳೆಸಿಕೊಂಡು ಹೋಗಬೇಕು. ಹಳೆಯ ಜೀಪನ್ನು ಇನ್ನೂ ಮನೆಯಲ್ಲಿಟ್ಟುಕೊಂಡವರಿಗೂ ಹೊಸ ಚಿಂತೆಯಿದೆ. ಈಗಿನ ಪೆಟ್ರೋಲಿಗೆ ಶೇ 20ರವರೆಗೆ ಎಥೆನಾಲ್ ಬೆರೆಸುತ್ತಾರೆ. ಅದು ನೀರಿನ ಪಸೆಯನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರ್ ಪೈಪುಗಳಿಗೆ ಒಗ್ಗುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿದ ಜೀಪಿನ ಟ್ಯಾಂಕನ್ನು ಆಗಾಗ ನೋಡಿಕೊಳ್ಳುವುದು ಒಳಿತು.

ಏಳೆಂಟು ದಶಕಗಳ ಈ ಓಟ ಹೇಳುವುದಿಷ್ಟು. ಇಂಧನ ಯಾವುದೆಂಬುದನ್ನು ದೆಹಲಿಯ ತೆರಿಗೆ, ಅರಬ್ ದೇಶಗಳ ತೈಲ, ಕಾಲಕಾಲದ ಕಾನೂನು ನಿರ್ಧರಿಸುತ್ತಾ ಬಂದಿವೆ. ಅದು ಕೊಳ್ಳುವವನ ಕೈಯಲ್ಲಿಲ್ಲ. ಅವನ ಕೈಯಲ್ಲಿರುವುದು ಹಳೆಯ ಜೀಪು ಕಲಿಸಿದ ಪಾಠ. ಹೊಸ ಗಾಡಿ ನೋಡಲು ಹೋದವರು ಅಶ್ವಶಕ್ತಿ, ಮೈಲೇಜುಗಳ ಜೊತೆಗೆ ಇನ್ನೊಂದು ಮಾತನ್ನೂ ಕೇಳಬೇಕು: ಆಷಾಢದ ರಾತ್ರಿ ಹಳ್ಳದ ಆಚೆ ಇದು ನಿಂತರೆ ಸರಿಮಾಡುವವರು ಎಷ್ಟು ದೂರದಲ್ಲಿದ್ದಾರೆ?