ಓಡುವ ಲಯ, ಜಾರುವ ಶ್ರುತಿ

ಶ್ರುತಿಯನ್ನು ತಾಯಿಯೆಂದೂ ಲಯವನ್ನು ತಂದೆಯೆಂದೂ ಕರೆಯುವುದು ನಮ್ಮ ಸಂಗೀತದ ರೂಢಿ. ಗಾಯಕನು ಶ್ರುತಿಯನ್ನು ಕದಲಿಸದೆಯೇ ಒಂದನೆಯ ಕಾಲದಿಂದ ಎರಡನೆಯ ಕಾಲಕ್ಕೆ ಏರಬಲ್ಲ. ಗ್ರಾಮಫೋನ್ ತಟ್ಟೆಗೆ ಆ ಸ್ವಾತಂತ್ರ್ಯವಿಲ್ಲ. ಅದು ಬೇಗ ತಿರುಗಿದರೆ ಹಾಡು ಬೇಗ ಮುಗಿಯುವುದಷ್ಟೇ ಅಲ್ಲ, ಆಧಾರ ಷಡ್ಜವೇ ಮೇಲೇರುತ್ತದೆ. ಕೀಲಿ ಮುಗಿಯುತ್ತ ಬಂದ ಗ್ರಾಮಫೋನಿನಲ್ಲಿ ಗಾಯಕಿಯ ಕಂಠ ಗಂಡುಕಂಠವಾಗಿ ಕುಸಿಯುವುದನ್ನು ಬಾಲ್ಯದಲ್ಲಿ ಕೇಳಿ ನಾನೂ ನಕ್ಕವನೇ. ಈ ನಿಯಮವೇ ಮುಂದೆ ಟೆಕ್ನೋ ಎಂಬ ವೇಗದ ನೃತ್ಯಸಂಗೀತಕ್ಕೆ ದೊಡ್ಡ ತೊಡಕಾಯಿತು.

1970ರ ಸುಮಾರಿನಲ್ಲಿ, ನ್ಯೂಯಾರ್ಕಿನ ಹಳೆಯ ಚರ್ಚ್ ಕಟ್ಟಡವೊಂದರಲ್ಲಿ ಸ್ಯಾಂಕ್ಚುಯರಿ ಎಂಬ ನೃತ್ಯಶಾಲೆಯಿತ್ತು. ಅಲ್ಲಿ ಫ್ರಾನ್ಸಿಸ್ ಗ್ರಾಸೊ ಎಂಬ ಡಿ.ಜೆ., ಒಂದು ಹಾಡು ಮುಗಿಯುವ ಮುನ್ನವೇ ಇನ್ನೊಂದರ ತಾಳವನ್ನು ಅದರ ಮೇಲೆ ಕೂರಿಸುತ್ತಿದ್ದ. ಆಗ ಡ್ರಮ್ ಬಾರಿಸುತ್ತಿದ್ದುದು ಮನುಷ್ಯರ ಕೈ; ಅದು ಕೊಂಚ ಓಡುತ್ತದೆ, ಕೊಂಚ ಹಿಂಜರಿಯುತ್ತದೆ. ಎರಡು ಹಾಡುಗಳು ಬಹುಕಾಲ ಜೊತೆಗೆ ನಡೆಯುವುದು ಕಷ್ಟ. ಜಪಾನಿನಲ್ಲಿ 1972ರಲ್ಲಿ ತಯಾರಾದ ಟೆಕ್ನಿಕ್ಸ್ ಎಸ್‌ಎಲ್-1200 ಟರ್ನ್‌ಟೇಬಲ್‌ನ ಎರಡನೆಯ ಮಾದರಿ 1979ರಲ್ಲಿ ಹೊರಬಂದಿತು. ವೇಗವನ್ನು ಶೇಕಡ 8ರಷ್ಟು ಏರಿಸುವ, ಇಳಿಸುವ ಜಾರುಗುಂಡಿ ಅದರಲ್ಲಿತ್ತು.

ಇಷ್ಟರಲ್ಲಿ ಡ್ರಮ್ಮೂ ಯಂತ್ರವಾಯಿತು. ಅಮೆರಿಕದ ಡೆಟ್ರಾಯಿಟ್ ಬಳಿಯ ಬೆಲ್‌ವಿಲ್‌ನಲ್ಲಿ ಒಟ್ಟಿಗೆ ಓದಿದ ಹ್ವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಎಂಬ ಮೂವರು ಇಂಥ ಯಂತ್ರಗಳಿಂದ ಕಟ್ಟಿದ ಸಂಗೀತಕ್ಕೆ ಟೆಕ್ನೋ ಎಂಬ ಹೆಸರು ನಿಂತದ್ದು 1988ರಲ್ಲಿ ಬ್ರಿಟನ್ನಿನಲ್ಲಿ ಹೊರಬಂದ ಸಂಕಲನವೊಂದರಿಂದ. ಯಂತ್ರದ ಲಯ ಕದಲದು. ಆದುದರಿಂದ ಎರಡು ಮುದ್ರಿಕೆಗಳನ್ನು ನಿಮಿಷಗಟ್ಟಲೆ ಒಂದರ ಮೇಲೊಂದು ನುಡಿಸಬಹುದಾಯಿತು. ಆಗಲೇ ಕಿವಿಗೆ ಹೊಸ ನೋವು ಶುರು: ತಾಳ ಕೂಡಿದೆ, ಶ್ರುತಿ ಕೂಡಿಲ್ಲ. ಕ್ಷಣಮಾತ್ರದ ಬೆರಕೆಯಲ್ಲಿ ಮರೆಯಾಗುತ್ತಿದ್ದ ಅಪಶ್ರುತಿ ದೀರ್ಘ ಬೆರಕೆಯಲ್ಲಿ ಎದ್ದು ಕಂಡಿತು. ಲಯ ಸ್ಥಿರವಾದದ್ದರಿಂದಲೇ ಶ್ರುತಿಯ ಚಿಂತೆ ಹುಟ್ಟಿತೆಂದು ನಾನು ತಿಳಿಯುತ್ತೇನೆ.

ಲೆಕ್ಕ ಸರಳವಾಗಿದೆ. ವೇಗ ಸುಮಾರು ಶೇಕಡ 6ರಷ್ಟು ಏರಿದರೆ ಶ್ರುತಿ ಒಂದು ಸ್ವರಸ್ಥಾನ ಏರುತ್ತದೆ. ನಿಮಿಷಕ್ಕೆ 120 ಪೆಟ್ಟುಗಳ ಹಾಡನ್ನು 140ಕ್ಕೆ ಏರಿಸಬೇಕೆನ್ನಿ. ಜಾರುಗುಂಡಿ 130ನ್ನೂ ಮುಟ್ಟದು. ಹೇಗೋ ಮುಟ್ಟಿಸಿದರೂ ಷಡ್ಜ ಎರಡು ಸ್ವರಸ್ಥಾನಗಳಿಗಿಂತ ಮೇಲೆ, ಮೂರಕ್ಕಿಂತ ಕೆಳಗೆ, ಹಾರ್ಮೋನಿಯಮ್ಮಿನ ಎರಡು ಮನೆಗಳ ನಡುವೆ ನಿಂತುಬಿಡುತ್ತದೆ. ಅದಕ್ಕೆ ಜೊತೆಯಾಗುವ ವಾದ್ಯ ಸಿಕ್ಕದು.

ನಿಮಿಷಕ್ಕೆ ಮೂವತ್ತಮೂರೂ ಮೂರನೆಯ ಒಂದು ಸುತ್ತು ತಿರುಗಬೇಕಾದ ತಟ್ಟೆಯನ್ನು 45ರಲ್ಲಿ ತಿರುಗಿಸಿದರೆ? ಇದು ನನಗೆ ಬಹಳ ಪ್ರಿಯವಾದ ಲೆಕ್ಕ. ಈ ಅನುಪಾತ 27ಕ್ಕೆ 20. ಶುದ್ಧ ಮಧ್ಯಮ 4ಕ್ಕೆ 3. ಎರಡರ ಅಂತರ 81ಕ್ಕೆ 80, ಅಂದರೆ ನಮ್ಮ ಶಾಸ್ತ್ರಕಾರರ ಪ್ರಮಾಣಶ್ರುತಿ! ಜಾರುಗುಂಡಿಯನ್ನು ಶೇಕಡ ಒಂದೂಕಾಲರಷ್ಟು ಹಿಂದಕ್ಕೆಳೆದರೆ 120ರ ಹಾಡು 160ಕ್ಕೆ ಬರುತ್ತದೆ, ಷಡ್ಜ ಸರಿಯಾಗಿ ಮಧ್ಯಮದಲ್ಲಿ ಕೂರುತ್ತದೆ. ಕಚೇರಿಯ ಕೊನೆಯಲ್ಲಿ ಮಧ್ಯಮಶ್ರುತಿಗೆ ಹೊರಳಿದಾಗ ಕಿವಿ ಮುನಿಯದಿರುವಂತೆ ಇಲ್ಲಿಯೂ ಮುನಿಯದು. ಷಡ್ಜದ ಶಂಕರಾಭರಣಕ್ಕೂ ಮಧ್ಯಮದ ಶಂಕರಾಭರಣಕ್ಕೂ ಏಳರಲ್ಲಿ ಆರು ಸ್ವರಗಳು ಸಮಾನ, ನಿಷಾದವೊಂದೇ ಬೇರೆ. ಪಾಶ್ಚಾತ್ಯರು ಹನ್ನೆರಡು ಶ್ರುತಿಗಳನ್ನು ಇದೇ ನೆರೆಹೊರೆಯ ಕ್ರಮದಲ್ಲಿ ಚಕ್ರವಾಗಿ ಜೋಡಿಸಿದ್ದಾರೆ. ಅದನ್ನೇ ಮಾರ್ಕ್ ಡೇವಿಸ್ ಗಡಿಯಾರದಂತೆ 1ರಿಂದ 12ರವರೆಗೆ ಎಣಿಸಿ ‘ಕ್ಯಾಮೆಲಾಟ್ ಚಕ್ರ’ವೆಂದು ಕರೆದ, ಪಕ್ಕದ ಅಂಕಿಯ ಹಾಡು ಪಕ್ಕದ ಮನೆಯ ನೆಂಟ. ಸಂಗೀತಶಾಸ್ತ್ರ ಓದದ ಡಿ.ಜೆ.ಯೂ ಹೀಗೆ ಶ್ರುತಿ ಕೂಡಿಸಬಲ್ಲವನಾದ.

ಶ್ರುತಿಲಯಗಳ ಗಂಟನ್ನೇ ಬಿಚ್ಚುವ ಯತ್ನವೂ ನಡೆದಿತ್ತು. 1966ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲಾನಗನ್ ಮತ್ತು ಗೋಲ್ಡನ್, ಧ್ವನಿಯನ್ನು ಅದರ ಕಂಪನಾಂಶಗಳಾಗಿ ಬಿಡಿಸಿ ಬೇರೆ ವೇಗದಲ್ಲಿ ಮರಳಿ ಕಟ್ಟುವ ಫೇಸ್ ವೊಕೋಡರ್ ವಿಧಾನವನ್ನು ವಿವರಿಸಿದರು. ಅವರ ಗಮನವಿದ್ದುದು ಮಾತಿನ ಮೇಲೆ, ನೃತ್ಯದ ಮೇಲಲ್ಲ. 1994ರಲ್ಲಿ ಬಂದ ಪಯೋನಿಯರ್ ಸಂಸ್ಥೆಯ ಸಿ.ಡಿ. ಯಂತ್ರದಲ್ಲಿ ಶ್ರುತಿಯನ್ನು ಹಿಡಿದಿಟ್ಟು ವೇಗ ಬದಲಿಸುವ ಗುಂಡಿಯೇ ಇತ್ತು. ಈಗ ಕಂಪ್ಯೂಟರಿಗೆ ಅದು ಕ್ಷಣದ ಕೆಲಸ.

ಆದರೂ ಗಂಟು ಪೂರ್ತಿ ಬಿಚ್ಚಿಲ್ಲ. ಹಳೆಯ ಹಾಡನ್ನು 120ರಿಂದ 140ಕ್ಕೆ ಏರಿಸಿ ರೀಮಿಕ್ಸ್ ಮಾಡುವಾಗ ಗಾಯಕಿಯ ಷಡ್ಜ ಈಗ ಅಲುಗದು. ಆದರೆ ಅವಳ ಗಮಕ ಶೇಕಡ 17ರಷ್ಟು ಅವಸರಿಸುತ್ತದೆ, ಉಸಿರು ಮೊಟಕಾಗುತ್ತದೆ. ನಿಡಿದಾಗಿ ತೂಗುವ ಸ್ವರ ನಡುಗುವ ಸ್ವರವಾಗುತ್ತದೆ. ಕಂಠ ಅವಳದೇ, ನಿಧಾನ ಅವಳದಲ್ಲ. ನನ್ನಂಥವರ ಕಿವಿಗೆ ಶ್ರುತಿಭೇದಕ್ಕಿಂತ ಇದೇ ಹೆಚ್ಚು ಚುಚ್ಚುತ್ತದೆ. ಬಲ್ಲವರು ಇದನ್ನು ಅರಿತೇ ದೀರ್ಘಸ್ವರಗಳನ್ನು ಬಿಟ್ಟು, ಪಲ್ಲವಿಯ ಎರಡು ಮೂರು ಪದಗಳನ್ನಷ್ಟೇ ಆಯ್ದು, ಅವನ್ನು ಮೂಲದ ವೇಗದಲ್ಲಿಯೇ ಉಳಿಸಿ, ಹೊಸ ತಾಳದ ಪೆಟ್ಟುಗಳ ಮೇಲೆ ಬಿಡಿಬಿಡಿಯಾಗಿ ಇಡುತ್ತಾರೆ.