ಕೈರೋದಿಂದ ಕೊಚ್ಚಿಗೆ ಬಂದ ಒಂದು ಧರ್ಮನಿರ್ಣಯ

ಮುಫ್ತಿಗಳಿಗೆ ಪ್ರಶ್ನೆ ಬರೆದು ಫತ್ವಾ ತರಿಸಿಕೊಳ್ಳುವ ಪದ್ಧತಿ ನಮಗೆ ಹೊಸತಲ್ಲ. ಯಹೂದಿಯರಲ್ಲಿಯೂ ಅಂತಹದೇ ಪರಂಪರೆಯೊಂದಿದೆ. ಸಮುದಾಯವು ಪ್ರಶ್ನೆ ಕಳುಹಿಸುತ್ತದೆ. ಧರ್ಮಶಾಸ್ತ್ರ ಬಲ್ಲ ರಬ್ಬಿ ಆಧಾರಸಹಿತ ಉತ್ತರಿಸುತ್ತಾರೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಅಂತಹ ಪ್ರಶ್ನೆಯೊಂದು ಕೊಚ್ಚಿಯಿಂದ ಕೈರೋ ತಲುಪಿತು.

ಉತ್ತರಿಸಿದವರು ರಬ್ಬಿ ದಾವೀದ್ ಇಬ್ನ್ ಅಬೀ ಝಿಮ್ರಾ. ಅವರ ಹೆಸರಿನಲ್ಲಿರುವ ‘ಇಬ್ನ್ ಅಬೀ’ ಅರಬ್ಬಿಯದು ಎಂಬುದನ್ನು ಗಮನಿಸಬೇಕು. ಹುಟ್ಟಿದ್ದು ಸ್ಪೇನಿನಲ್ಲಿ. 1492ರಲ್ಲಿ ಕ್ರೈಸ್ತ ಅರಸರು ಯಹೂದಿಯರನ್ನು ದೇಶದಿಂದ ಹೊರಗಟ್ಟಿದಾಗ ಅವರಿನ್ನೂ ಬಾಲಕ. ಅದೇ ವರ್ಷ ಗ್ರನಾಡಾ ಮುಸ್ಲಿಮರ ಕೈತಪ್ಪಿತ್ತು. ಆಶ್ರಯ ದೊರೆತದ್ದು ಮುಸ್ಲಿಮರ ಆಳ್ವಿಕೆಯ ನಾಡುಗಳಲ್ಲಿ. ಮೊದಲು ಫಲಸ್ತೀನಿನ ಸಫದ್, ಬಳಿಕ ಈಜಿಪ್ಟ್. 1517ರಲ್ಲಿ ಉಸ್ಮಾನಿ ಸುಲ್ತಾನ ಸಲೀಮ್ ಈಜಿಪ್ಟನ್ನು ಗೆದ್ದ ನಂತರ ಅವರು ಅಲ್ಲಿನ ಯಹೂದಿಯರ ಪ್ರಧಾನ ಧರ್ಮಗುರುವಾಗಿ ದಶಕಗಳ ಕಾಲ ನಡೆದುಕೊಂಡರು. ಜೀವನೋಪಾಯಕ್ಕೆ ವ್ಯಾಪಾರವಿತ್ತು. ಅವರ ಧರ್ಮನಿರ್ಣಯಗಳು ಎರಡು ಸಾವಿರವನ್ನೂ ಮೀರುತ್ತವೆ.

ಕೊಚ್ಚಿಯ ಪ್ರಶ್ನೆ ಇದಾಗಿತ್ತು: ಅಲ್ಲಿ ಸುಮಾರು 900 ಯಹೂದಿ ಕುಟುಂಬಗಳಿವೆ. ಅವುಗಳಲ್ಲಿ ನೂರರಷ್ಟು ಮಾತ್ರ ತಮ್ಮನ್ನು ಶುದ್ಧ ವಂಶದವರೆಂದು ಹೇಳಿಕೊಳ್ಳುತ್ತವೆ. ಉಳಿದವರು ಸ್ಥಿತಿವಂತರು, ಧರ್ಮನಿಷ್ಠರು. ಆದರೂ ಅವರನ್ನು ದಾಸರ ಸಂತತಿಯೆಂದು ಜರೆದು ವಿವಾಹಸಂಬಂಧ ನಿರಾಕರಿಸಲಾಗುತ್ತಿದೆ. ಇದು ಸರಿಯೇ?

ರಬ್ಬಿಯವರು ವಂಶದ ಹೆಮ್ಮೆಯ ಪರ ನಿಲ್ಲಲಿಲ್ಲ. ದಾಸ್ಯದ ಸಂಶಯವಿದ್ದರೆ ವಿಧಿವತ್ತಾಗಿ ಬಿಡುಗಡೆ ನೀಡಿ, ಶುದ್ಧಿಸ್ನಾನ ಮಾಡಿಸಿದರೆ ಸಾಕು. ಆಮೇಲೆ ಅವರು ಸಂಪೂರ್ಣ ಯಹೂದಿಯರು, ಅವರೊಡನೆ ವಿವಾಹಕ್ಕೆ ತಡೆಯಿಲ್ಲ ಎಂಬುದು ಅವರ ನಿರ್ಣಯದ ಸಾರ. ಮುಂದೆ ಅಲೆಕ್ಸಾಂಡ್ರಿಯಾದ ರಬ್ಬಿ ಯಾಕೋಬ್ ಕಾಸ್ಟ್ರೋ ಕೂಡ ಇದನ್ನೇ ಎತ್ತಿಹಿಡಿದರು.

ಕೊಚ್ಚಿ ಕೇಳಲಿಲ್ಲ. ಪ್ರಶ್ನೆ ಕೇಳಿದವರು ಉತ್ತರವನ್ನು ಒಪ್ಪಲೇಬೇಕೆಂಬ ನಿಯಮ ಎಲ್ಲಿದೆ? ನಮ್ಮ ಹತ್ತಿಕುಣಿ, ಯಾದಗಿರಿಯ ಕಡೆಯೂ ನಿಕಾಹ್‌ ಮಾತುಕತೆಯಲ್ಲಿ ಹುಡುಗನ ದೀನ್‌ಗಿಂತ ಮೊದಲು ಖಾಂದಾನ್ ವಿಚಾರಿಸುವವರಿದ್ದಾರೆ. ಅವರಿಗೂ ಮಸ್ಅಲಾ ತಿಳಿಯದೆ ಇಲ್ಲ.

ದಾವೀದ್ ಅವರು ವೃದ್ಧಾಪ್ಯದಲ್ಲಿ ಸಫದ್‌ಗೆ ಮರಳಿ 1573ರಲ್ಲಿ ನಿಧನರಾದರು. ಅದಕ್ಕೆ ಐದು ವರ್ಷ ಮೊದಲು, 1568ರಲ್ಲಿ, ಕೊಚ್ಚಿಯ ಮಟ್ಟಾಂಚೇರಿಯಲ್ಲಿ ಪರದೇಶಿ ಯಹೂದಿಯರ ಪ್ರಾರ್ಥನಾಲಯ ಎದ್ದು ನಿಂತಿತ್ತು. ಬಿಡುಗಡೆ ಹೊಂದಿದ ದಾಸರ ವಂಶದವರೆನಿಸಿಕೊಂಡವರಿಗೆ ಅದರೊಳಗೆ ಸಮಾನ ಸ್ಥಾನ ಸಿಗಲಿಲ್ಲ. ಆ ಹಕ್ಕಿಗಾಗಿ ಇಪ್ಪತ್ತನೆಯ ಶತಮಾನದಲ್ಲಿ ಅದೇ ವಂಶದ ವಕೀಲ ಎ. ಬಿ. ಸಾಲೆಂ ಗಾಂಧೀಜಿಯವರ ಮಾದರಿಯಲ್ಲಿ ಸತ್ಯಾಗ್ರಹ ಹೂಡಬೇಕಾಯಿತು.